ಖಾಲಿ ಜಾಗ ಅಂದರೆ ಯಾರ ಜಾಗ?

"ಖಾಲಿ" ಅನ್ನೋ ಪದವನ್ನು ನಾವು ಎಷ್ಟು ಸಲೀಸಾಗಿ ಬಳಸ್ತೀವಿ ನೋಡಿ. ಬಸ್ಸಲ್ಲಿ ಸೀಟು ಖಾಲಿ, ಮನೇಲಿ ಗ್ಯಾಸ್ ಖಾಲಿ, ತಿಂಗಳ ಕೊನೆಗೆ ಅಕೌಂಟು ಖಾಲಿ. ಎಲ್ಲ ಕಡೆಯೂ ಅರ್ಥ ಒಂದೇ: ಅಲ್ಲಿ ಏನೋ ಇರಬೇಕಿತ್ತು, ಈಗ ಇಲ್ಲ. ತೊಂದರೆ ಶುರುವಾಗೋದು ಇದೇ ಪದವನ್ನು ನೆಲಕ್ಕೆ ಅಂಟಿಸಿದಾಗ. "ಊರಾಚೆ ನಾಲ್ಕೆಕರೆ ಖಾಲಿ ಬಿದ್ದೈತೆ" ಅಂತ ಯಾರಾದರೂ ಅಂದರೆ, ಅಲ್ಲಿಗೆ ಏನಾದರೂ ಬರಲೇಬೇಕು ಅನ್ನೋದು ಆಗಲೇ ತೀರ್ಮಾನ ಆಗಿಹೋಯಿತು. ಏನು ಬರಬೇಕು ಅನ್ನೋದಷ್ಟೇ ಬಾಕಿ ಉಳಿಯೋ ಚರ್ಚೆ.

ನಮ್ಮೂರು ಶ್ರೀನಿವಾಸಪುರ ತಾಲ್ಲೂಕಿನಲ್ಲಿದೆ. ಸುತ್ತ ಮಾವಿನ ತೋಟಗಳು, ನಡುವೆ ಬಂಡೆಗಳು. ಊರಿನ ಪಕ್ಕದ ಗುಂಡುತೋಪಿಗೆ ಅಂಟಿಕೊಂಡು ಒಂದಿಷ್ಟು ಗೋಮಾಳ ಉಳಿದಿದೆ. ಹಿಂದೆ ಇದ್ದದ್ದು ಇದರ ನಾಲ್ಕೈದು ಪಟ್ಟು ಅಂತ ಹಿರಿಯರು ಹೇಳ್ತಾರೆ. ಈ ಉಳಿದ ತುಂಡಿನ ಬಗ್ಗೆ ಒಂದು ವರ್ಷದಿಂದ ನಮ್ಮೂರ ವಾಟ್ಸಾಪ್ ಗುಂಪಿನಲ್ಲಿ ವಾದ ನಡೆಯುತ್ತಿದೆ. ಬೆಂಗಳೂರಲ್ಲಿರೋ ನಮ್ಮಂಥವರು ದುಡ್ಡು ಸೇರಿಸಿ ಅಲ್ಲಿ ಬೇಲಿ ಹಾಕಿಸಿ, ವಾಕಿಂಗ್ ಪಾತ್ ಮತ್ತು ಓಪನ್ ಜಿಮ್ ಮಾಡಿಸೋಣ ಅಂತಾರೆ. ಊರಲ್ಲಿರೋ ಹುಡುಗರು ಜಿಮ್ ಬೇಡ, ನೆಲ ಸಮ ಮಾಡಿಸಿ ಗ್ರೌಂಡ್ ಮಾಡಿ ಅಂತಾರೆ. ಮನೆ ಇಲ್ಲದ ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ನಿವೇಶನ ಕೊಡಿ ಅಂತ ಅರ್ಜಿ ಹಾಕಿಕೊಂಡಿವೆ. ಮೂರೂ ಕಡೆಯವರು ಒಪ್ಪಿರೋ ಒಂದೇ ಮಾತು, ಜಾಗ ಖಾಲಿ ಇದೆ ಅನ್ನೋದು.

ಖಾಲಿ ಇದೆಯಾ? ಹೋದ ಬೇಸಿಗೆಯಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಹತ್ತು ದಿನ ಊರಲ್ಲಿದ್ದೆ. ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಲ್ಯಾಪ್‌ಟಾಪ್ ಹಿಡಿದು ತೋಪಿನಲ್ಲಿ ಕೂರುತ್ತಿದ್ದೆ. ಬೆಳಗ್ಗೆ ಆರಕ್ಕೆ ಪೊಲೀಸ್ ಪರೀಕ್ಷೆಗೆ ತಯಾರಾಗೋ ಇಬ್ಬರು ಹುಡುಗರು ಬಂದು ಓಡುತ್ತಾರೆ. ಎಂಟಕ್ಕೆ ಕುರಿ, ಮೇಕೆ ಬರುತ್ತವೆ. ಹತ್ತರ ನಂತರ ರಾಗಿ ಒಕ್ಕೋರು, ಹುಣಸೆಹಣ್ಣು ಒಣಗಿಸೋರು. ಮಧ್ಯಾಹ್ನ ಮರದ ಕೆಳಗೆ ಮುದುಕರ ನಿದ್ದೆ, ಸ್ವಲ್ಪ ದೂರದಲ್ಲಿ ಇಸ್ಪೀಟು. ಸಂಜೆ ನಾಲ್ಕರಿಂದ ಕತ್ತಲಾಗುವವರೆಗೂ ಕ್ರಿಕೆಟ್. ವರ್ಷಕ್ಕೊಮ್ಮೆ ದೇವರ ಉತ್ಸವ, ಎರಡು ಮೂರು ಮದುವೆ ಊಟ, ಒಂದು ನಾಟಕ. ಒಂದು ಮೀಟಿಂಗ್ ರೂಮನ್ನು ಇಷ್ಟು ಚೆನ್ನಾಗಿ ಬಳಸಿದ್ದನ್ನು ನಮ್ಮ ಆಫೀಸಿನಲ್ಲಿ ನಾನು ನೋಡಿಲ್ಲ. ಯಾರೂ ಬುಕ್ ಮಾಡಿರಲಿಲ್ಲ ಅಷ್ಟೆ.

ಮೇಕೆ ಕಾಯೋ ಅಜ್ಜಿಯೊಬ್ಬರನ್ನು ಕೇಳಿದೆ: "ಇಲ್ಲಿ ಪಾರ್ಕ್ ಮಾಡ್ತಾರಂತೆ ಅಜ್ಜಿ, ಗೊತ್ತಾ?"

"ಮಾಡ್ಲಿ ಬಿಡಪ್ಪ, ಒಳ್ಳೇದೇ. ಮೇಕೆ ಒಳಿಕ್ಕೆ ಬಿಡ್ತಾರಾ?"

ಸಾರ್ವಜನಿಕ ಜಾಗದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಅಂತ ನನಗೆ ಅನ್ನಿಸಿದೆ. ಏನು ಕಟ್ಟುತ್ತೀರಿ, ಎಷ್ಟು ಖರ್ಚು ಅನ್ನೋದೆಲ್ಲ ಆಮೇಲೆ. ಕಟ್ಟಿದ ಮೇಲೆ ಇಲ್ಲಿಂದ ಯಾರು ಎದ್ದು ಹೋಗಬೇಕಾಗುತ್ತೆ?

ಸರ್ಕಾರದ ಲೆಕ್ಕದಲ್ಲಿ ಈ ಪ್ರಶ್ನೆಗೆ ಜಾಗ ಕಡಿಮೆ. ಕರ್ನಾಟಕ ಭೂಕಂದಾಯ ಕಾಯಿದೆ 1964ರ 71ನೇ ಸೆಕ್ಷನ್ ದನಗಳ ಮೇವಿಗೆ ಮತ್ತು ಇತರ ಸಾರ್ವಜನಿಕ ಉದ್ದೇಶಗಳಿಗೆ ಸರ್ಕಾರಿ ಜಮೀನನ್ನು ಕಾಯ್ದಿರಿಸೋ ಅವಕಾಶ ಕೊಡುತ್ತೆ. 1966ರ ನಿಯಮಗಳ ಪ್ರಕಾರ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಲೆಕ್ಕ ದನದ ತಲೆಯ ಮೇಲೆ. ನಮ್ಮ ಜಿಲ್ಲೆಯ ಪರಿಸ್ಥಿತಿ ನೋಡಿ: ಕೋಲಾರ ಹಾಲು ಮತ್ತು ರೇಷ್ಮೆಯ ಸೀಮೆ. ಆದರೆ ಸೀಮೆಹಸುಗಳು ಶೆಡ್ಡಿನಲ್ಲೇ ನಿಂತು ಮೇಯುತ್ತವೆ, ಗೋಮಾಳದ ಹುಲ್ಲಿನ ಮುಖ ನೋಡೋದು ಅಪರೂಪ. ಹೀಗಾಗಿ ಯಾರ ಹೆಸರಿನಲ್ಲಿ ಜಾಗ ಉಳಿದಿದೆಯೋ ಅವು ಅಲ್ಲಿಗೆ ಬರುತ್ತಿಲ್ಲ. ದಿನಾ ಬರೋ ಮಕ್ಕಳು, ಮುದುಕರು, ಓಡೋ ಹುಡುಗರು ಯಾವ ಕಾಲಂನಲ್ಲೂ ಇಲ್ಲ. ಡೇಟಾಬೇಸ್ ಜೊತೆ ಕೆಲಸ ಮಾಡೋರಿಗೆ ಇದು ಗೊತ್ತಿರೋ ವಿಷಯ. ಟೇಬಲ್‌ನಲ್ಲಿ ಕಾಲಂ ಇಲ್ಲದ ಸಂಗತಿ ರಿಪೋರ್ಟ್‌ನಲ್ಲಿ ಸೊನ್ನೆ ಅಂತಲೂ ಬರಲ್ಲ, ಬರೋದೇ ಇಲ್ಲ.

ಈಗ ಬೆಂಗಳೂರಿಗೆ ಬನ್ನಿ. ಇಲ್ಲಿನ ಪಾಲಿಕೆ ಪಾರ್ಕುಗಳಿಗೆ ವರ್ಷಗಟ್ಟಲೆ ಒಂದು ಪದ್ಧತಿ ಇತ್ತು. ಬೆಳಗ್ಗೆ ವಾಕಿಂಗ್ ಮುಗಿದ ಮೇಲೆ ಬೀಗ, ಮತ್ತೆ ಸಂಜೆ ವಾಕಿಂಗ್ ಹೊತ್ತಿಗೆ ಬಾಗಿಲು. ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೂ ತೆರೆದಿಡಬೇಕು ಅಂತ ಆದೇಶ ಬಂದದ್ದು 2024ರಲ್ಲಿ. ಮಧ್ಯಾಹ್ನ ಹನ್ನೆರಡಕ್ಕೆ ಪಾರ್ಕ್ ಯಾರಿಗೆ ಬೇಕು? ನಮಗಲ್ಲ, ನಾವಾಗ ಎಸಿ ಒಳಗಿರ್ತೀವಿ. ಎರಡು ಆರ್ಡರ್ ನಡುವೆ ಅರ್ಧ ಗಂಟೆ ಸಿಗೋ ಡೆಲಿವರಿ ಹುಡುಗನಿಗೆ ಬೇಕು. ನೈಟ್ ಡ್ಯೂಟಿ ಮುಗಿಸಿದ ಸೆಕ್ಯೂರಿಟಿಯವರಿಗೆ, ಎರಡು ಮನೆ ಕೆಲಸದ ನಡುವೆ ಊಟದ ಡಬ್ಬಿ ಬಿಚ್ಚಬೇಕಾದ ಹೆಂಗಸಿಗೆ ಬೇಕು. ನೆರಳು ಅತ್ಯಂತ ಹೆಚ್ಚು ಬೇಕಾದ ಹೊತ್ತಿನಲ್ಲೇ ನೆರಳಿಗೆ ಬೀಗ ಹಾಕೋ ಏರ್ಪಾಡನ್ನು ನಾವ್ಯಾರೂ ವಿಚಿತ್ರ ಅಂದುಕೊಳ್ಳಲಿಲ್ಲ. ನಾನು ಬಾಡಿಗೆಗಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಮಕ್ಕಳ ಆಟದ ಜಾಗದ ಪಕ್ಕ ಬೋರ್ಡು ಹಾಕಿದ್ದರು: ಕೆಲಸದವರು ಮತ್ತು ಅವರ ಮಕ್ಕಳು ಬೆಂಚು, ಜೋಕಾಲಿ ಬಳಸುವಂತಿಲ್ಲ. ಅದು ಖಾಸಗಿ ಜಾಗ, ಕಾನೂನಿನಲ್ಲಿ ತಪ್ಪು ಹುಡುಕೋದು ಕಷ್ಟ ಇರಬಹುದು. ಆದರೆ ಆ ಬೋರ್ಡು ಓದಿ ಓದಿ ಅಭ್ಯಾಸವಾದ ಕಣ್ಣು ಊರಿನ ಗೋಮಾಳವನ್ನು ನೋಡಿದಾಗ ಮೊದಲು ಕಾಣೋದು ಬೇಲಿ ಎಲ್ಲಿ ಹಾಕಬೇಕು ಅನ್ನೋದು. ಇದು ನನಗೆ ಭಯ ಹುಟ್ಟಿಸುತ್ತೆ.

ಸಾರ್ವಜನಿಕ ಜಾಗದ ಬೆಲೆ ಎಲ್ಲಿದೆ ಅಂತ ಯೋಚಿಸಿದಾಗ ನನಗೆ ಸಿಕ್ಕ ಉತ್ತರ ಇಷ್ಟು. ಇವತ್ತು ನಾವು ಇರೋ ಬಹುತೇಕ ಜಾಗಗಳಲ್ಲಿ ಇರೋದಕ್ಕೆ ಒಂದು ಕಾರಣ ತೋರಿಸಬೇಕು. ಆಫೀಸಿಗೆ ಐಡಿ ಕಾರ್ಡು, ಮಾಲಿಗೆ ಖರ್ಚು ಮಾಡೋ ಮುಖ, ಕಾಫಿ ಅಂಗಡಿಗೆ ಬಿಲ್ಲು, ಅಪಾರ್ಟ್‌ಮೆಂಟ್ ಗೇಟಿಗೆ ಓಟಿಪಿ. ಗುಂಡುತೋಪಿನಲ್ಲಿ ಕೂತವರನ್ನು "ಯಾಕೆ ಕೂತಿದ್ದೀಯ?" ಅಂತ ಕೇಳೋ ಹಕ್ಕು ಯಾರಿಗೂ ಇಲ್ಲ. ಕಾರಣ ಕೊಡದೆ ಇರಬಹುದಾದ ಜಾಗ ಅದು. ದುಡ್ಡಿದ್ದವರು ಅಂಥ ಜಾಗವನ್ನು ಕೊಂಡುಕೊಳ್ಳಬಹುದು, ರೆಸಾರ್ಟ್ ಅನ್ನೋದು ಅದನ್ನೇ ತಾನೇ? ಇಲ್ಲದವರಿಗೆ ಇರೋದು ಇದೊಂದೇ. ಹಾಗಾಗಿ ಆಟ, ಬಿಡುವು, ಸುಮ್ಮನೆ ಕೂರೋದು ಇವೆಲ್ಲ ಹೊಟ್ಟೆ ತುಂಬಿದ ಮೇಲಿನ ಮಾತು ಅಂತ ನಾನು ಒಪ್ಪೋದಿಲ್ಲ. ದಿನವಿಡೀ ಇನ್ನೊಬ್ಬರಿಗೆ ಲೆಕ್ಕ ಕೊಡುವವನಿಗೆ ಲೆಕ್ಕ ಕೊಡದ ಒಂದು ಗಂಟೆ ಎಲ್ಲರಿಗಿಂತ ಹೆಚ್ಚು ಬೇಕು.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಊರು ಎಲ್ಲರಿಗೂ ತೆರೆದಿತ್ತು ಅಂತ ಹೇಳಿದರೆ ಅದು ಶುದ್ಧ ಸುಳ್ಳು. ಅರಳಿಕಟ್ಟೆ ಮೇಲೆ ಯಾರು ಕೂರಬಹುದು, ಕೆರೆಯ ಯಾವ ದಂಡೆಯಲ್ಲಿ ಯಾರು ನೀರು ಮುಟ್ಟಬಹುದು ಅನ್ನೋದು ಬೋರ್ಡಿಲ್ಲದ ಬೋರ್ಡು. ಜಾತಿ ಅದನ್ನು ಎಲ್ಲರ ತಲೆಯೊಳಗೇ ಬರೆದಿತ್ತು, ಪೂರ್ತಿ ಅಳಿಸಿದೆ ಅಂತ ಈಗಲೂ ಹೇಳಲಾರೆ. ಹೆಂಗಸರ ವಿಷಯಕ್ಕೆ ಬಂದರೆ, ನನ್ನ ಅಕ್ಕ ತೋಪಿಗೆ ಹೋಗಿದ್ದು ಸೌದೆ ತರೋಕೆ, ತರಗೆಲೆ ಗುಡಿಸೋಕೆ. ಸುಮ್ಮನೆ ಕೂರೋಕೆ ಒಂದು ದಿನವೂ ಹೋಗಿಲ್ಲ. ಕಾರಣ ಕೊಡದೆ ಇರೋ ಹಕ್ಕು ಅಂತ ನಾನು ಈಗ ಹೊಗಳಿದೆನಲ್ಲ, ಅದು ಅವಳಿಗೆ ಇರಲೇ ಇಲ್ಲ.

ಅದೇ ಕೋಲಾರ ಪಟ್ಟಣಕ್ಕೆ ಬಂದು ಬೆಳಗಿನ ಹೊತ್ತು ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ ನೋಡಿ. ಚೂಡಿದಾರದ ಮೇಲೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಹೆಂಗಸರು ನಡೀತಿರ್ತಾರೆ. ಗೋಡೆ ಇದೆ, ಗೇಟಿದೆ, ಜನ ಓಡಾಡುತ್ತಾರೆ. ಅದಕ್ಕೇ ಅವರು ಬರೋದು. ಅಂದರೆ ಬೇಲಿ ಯಾವಾಗಲೂ ಶತ್ರು ಅಲ್ಲ. ಕೆಲವೊಮ್ಮೆ ಒಂದು ಲೈಟು ಕಂಬ, ಒಂದು ಶೌಚಾಲಯ, ಒಂದು ಗೇಟು ಇಲ್ಲದ ಕಾರಣಕ್ಕೇ ಅರ್ಧ ಊರು ಹೊರಗೆ ಉಳಿದಿರುತ್ತೆ. ಆದ್ದರಿಂದ ಅಜ್ಜಿಯ ಪ್ರಶ್ನೆಗೆ ಇನ್ನೊಂದು ಸೇರಿಸಬೇಕು: ಯಾರು ಎದ್ದು ಹೋಗ್ತಾರೆ ಅನ್ನೋದರ ಜೊತೆಗೆ, ಇಷ್ಟು ದಿನ ಬರಲಾಗದೆ ಇದ್ದವರಲ್ಲಿ ಯಾರು ಈಗ ಬರ್ತಾರೆ?

ಎಲ್ಲರದ್ದು ಅಂದರೆ ಯಾರದ್ದೂ ಅಲ್ಲ, ಹಾಗಾಗಿ ಹಾಳಾಗುತ್ತೆ ಅನ್ನೋ ವಾದ ನೀವು ಕೇಳಿರ್ತೀರಿ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅನ್ನೋ ಅಮೆರಿಕದ ವಿಜ್ಞಾನಿ ಬರೆದ ಪ್ರಬಂಧದ ಉದಾಹರಣೆಯೇ ಗೋಮಾಳ: ಪ್ರತಿಯೊಬ್ಬನೂ ಇನ್ನೊಂದು ದನ ಬಿಡ್ತಾನೆ, ಕೊನೆಗೆ ಹುಲ್ಲು ಮುಗಿಯುತ್ತೆ. ಎಲಿನಾರ್ ಆಸ್ಟ್ರಮ್ ಇದಕ್ಕೆ ಉತ್ತರ ಕೊಟ್ಟರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಆಕೆ. ಬೇರೆ ಬೇರೆ ದೇಶಗಳ ಹುಲ್ಲುಗಾವಲು, ಕಾಡು, ಕಾಲುವೆಗಳನ್ನು ನೋಡಿ ಅವರು ತೋರಿಸಿದ್ದು, ಬಳಸುವವರೇ ನಿಯಮ ಮಾಡಿ, ತಾವೇ ಕಾವಲು ಕಾಯ್ದ ಕಡೆ ಎಲ್ಲರದ್ದು ಶತಮಾನಗಳ ಕಾಲ ಉಳಿದಿದೆ ಅಂತ. ಕೋಲಾರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನದಿಯ ಆಸರೆ ಇಲ್ಲದ ಈ ಸೀಮೆ ಬದುಕಿದ್ದೇ ಕೆರೆಗಳಿಂದ. ತೂಬು ಎತ್ತೋಕೆ, ಗದ್ದೆ ಗದ್ದೆಗೆ ನೀರು ಹಂಚೋಕೆ ನೀರುಗಂಟಿ ಇರುತ್ತಿದ್ದ. ಅವನಿಗೆ ಸುಗ್ಗಿಯಲ್ಲಿ ಊರೇ ಧಾನ್ಯ ಅಳೆದು ಕೊಡುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕೆರೆ ಓಪನ್ ಸೋರ್ಸ್, ನೀರುಗಂಟಿ ಮೇಂಟೇನರ್. ಎಲ್ಲರೂ ಬಳಸೋ ಕೋಡಿಗೆ ಮೇಂಟೇನರ್ ಇಲ್ಲದಿದ್ದರೆ ಏನಾಗುತ್ತೆ ಅಂತ ನಮಗೆ ಗೊತ್ತು. ಕೊಳವೆಬಾವಿ ಬಂದು ಅವರವರ ನೀರು ಅವರವರಿಗೆ ಆದಾಗ ನೀರುಗಂಟಿಯ ಕೆಲಸ ಹೋಯಿತು, ಕೆರೆಯಲ್ಲಿ ಜಾಲಿ ಬೆಳೆಯಿತು. ಸಾವಿರ ಅಡಿ ಕೊರೆದರೂ ಫ್ಲೋರೈಡ್ ನೀರು ಬಂದದ್ದು ಆಮೇಲಿನ ಕಥೆ.

ಬಳಕೆ ಬದಲಾಗೋದೇ ತಪ್ಪು ಅಂತಲೂ ನಾನು ಹೇಳ್ತಿಲ್ಲ. ನನ್ನ ಅಜ್ಜಿ ಊರು ಕೋಲಾರ ತಾಲ್ಲೂಕಿನಲ್ಲಿದೆ. ಅಲ್ಲಿಯ ಒಣಗಿದ ಕೆರೆಯಂಗಳವೇ ನಮ್ಮ ಕ್ರಿಕೆಟ್ ಮೈದಾನ, ಜಾಲಿ ಕೊಂಬೆಯೇ ಸ್ಟಂಪು. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಕೆ.ಸಿ. ವ್ಯಾಲಿ ಅಂತ ಎಲ್ಲರೂ ಕರೆಯೋ ಯೋಜನೆ, ಗುರಿ 126 ಕೆರೆ ತುಂಬಿಸೋದು. ಎರಡೇ ಹಂತದ ಸಂಸ್ಕರಣೆ ಸಾಕಾ, ಅಂತರ್ಜಲಕ್ಕೆ ಏನಾಗುತ್ತೆ ಅಂತ ಕೋರ್ಟಿನವರೆಗೂ ಹೋದ ಜಗಳ ಇನ್ನೂ ಜನರ ಮನಸ್ಸಿನಲ್ಲಿದೆ. ಆ ಕೆರೆಗೂ ನೀರು ಬಂತು, ಮೈದಾನ ಮುಳುಗಿತು. ಆಡೋ ಹುಡುಗರು ಒಬ್ಬರೂ ಕೆರೆ ನಮ್ಮದು, ನೀರು ಬಿಡಬೇಡಿ ಅನ್ನಲಿಲ್ಲ. ಮೈದಾನಕ್ಕೆ ಬದಲು ಸಿಕ್ಕಿದ್ದು ಎಲ್ಲರ ಬೋರ್‌ವೆಲ್ಲಿಗೂ ನೀರು ಅಂತ ಅವರಿಗೆ ಅರ್ಥ ಆಗಿತ್ತು. ಅದು ಒಬ್ಬರ ಜೇಬಿಗೆ ಹೋಗಿದ್ದರೆ ಹುಡುಗರು ಸುಮ್ಮನಿರುತ್ತಿರಲಿಲ್ಲ.

ಮೇಲಿನಿಂದ ಯಾರೋ ಕೊಟ್ಟ ಸೌಲಭ್ಯದ ಕಥೆ ಬೇಕಾದರೆ ಪಕ್ಕದ ಕೆಜಿಎಫ್ ನೋಡಿ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು. ಗಣಿ ಕಂಪನಿಯ ಕಾಲದಲ್ಲಿ ಅಧಿಕಾರಿಗಳಿಗೆ ಕ್ಲಬ್ಬು, ಗಾಲ್ಫ್ ಮೈದಾನ, ಕಾರ್ಮಿಕರಿಗೆ ಸಾಲುಮನೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕಂಪನಿ ಹೋದ ಮೇಲೆ ಆ ನೆಲದಲ್ಲಿ ಕಾರ್ಮಿಕರ ಮಕ್ಕಳ ಪಾಲು ಯಾವುದು ಅನ್ನೋ ಪ್ರಶ್ನೆಗೆ ಕಾಗದದಲ್ಲಿ ಉತ್ತರ ಇರಲಿಲ್ಲ. ಅವರ ಪಾಲಿಗೆ ಉಳಿದ ದೊಡ್ಡ ಬಯಲು ಅಂದರೆ ಸಯನೈಡ್ ದಿಬ್ಬಗಳ ಸುತ್ತಮುತ್ತ, ಗಾಳಿ ಎದ್ದರೆ ದೂಳು ಮನೆಯೊಳಗೆ. ದಯೆಯಿಂದ ಬಂದದ್ದು ದಯೆ ಮುಗಿದ ದಿನ ಮುಗಿಯುತ್ತೆ. ಬೆಂಗಳೂರಿನಿಂದ ದುಡ್ಡು ಕಳಿಸಿ ಊರಿಗೆ ಜಿಮ್ ಹಾಕಿಸೋ ನಮ್ಮಂಥವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ವೀಕೆಂಡ್ ಬಂದರೆ ನಮ್ಮಲ್ಲಿ ಅರ್ಧ ಜನ ಕೋಲಾರದ ಕಡೆಗೇ ಗಾಡಿ ತಿರುಗಿಸ್ತೀವಿ. ಅಂತರಗಂಗೆ ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್ ಚಿಲ್ಲರೆ. ಮುಳಬಾಗಿಲಿನ ಆವಣಿ, ಮಾಲೂರು ಕಡೆಯ ಮಾರ್ಕಂಡೇಯ ಬೆಟ್ಟ ಕೂಡ ಹೀಗೇ ಲಿಸ್ಟಿಗೆ ಸೇರಿವೆ. ನಮಗೆ ಅಂತರಗಂಗೆ ಅಂದರೆ ಬಂಡೆ, ಗುಹೆ, ಸೂರ್ಯೋದಯದ ರೀಲ್. ಅಲ್ಲಿನವರಿಗೆ ಬಸವನ ಬಾಯಿಂದ ಬೀಳೋ ನೀರು, ಕಾಶಿ ವಿಶ್ವೇಶ್ವರ. ಬೆಟ್ಟದ ಮೇಲಿನ ತೇರಹಳ್ಳಿ ಮತ್ತಿತರ ಹಳ್ಳಿಯವರಿಗೆ ಅದು ಮನೆಯ ಹಿತ್ತಲು. ಅದೇ ಬೆಟ್ಟದ ಮೇಲೆ "ಆದಿಮ" ಸಾಂಸ್ಕೃತಿಕ ಕೇಂದ್ರ "ಹುಣ್ಣಿಮೆ ಹಾಡು" ಅಂತ ಕಾರ್ಯಕ್ರಮ ನಡೆಸಿಕೊಂಡು ಬಂದಿದೆ, ಬೆಳದಿಂಗಳಲ್ಲಿ ಹಾಡು, ನಾಟಕ. ಒಂದೇ ಬೆಟ್ಟ, ನಾಲ್ಕು ಥರದ ಬಿಡುವು. ಇಲ್ಲಿ ಜನರ ಸಂಖ್ಯೆಗೆ ಮಿತಿ ಹಾಕೋದು ತಪ್ಪೇನಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಸಾಲುಗಟ್ಟಿ ನಿಂತ ಮೇಲೆ ಚಾರಣ ನಿಲ್ಲಿಸಿ ಆನ್‌ಲೈನ್ ಬುಕಿಂಗ್ ತಂದದ್ದು ಸರಿಯೇ. ಆದರೆ ಮಿತಿ ನಮ್ಮ ಮೇಲೆ ಬೀಳಬೇಕು, ಹಿತ್ತಲಿನವರ ಮೇಲೆ ಅಲ್ಲ. ಬೆಟ್ಟಕ್ಕೆ ಬಂದು ಪ್ಲಾಸ್ಟಿಕ್ ಬಿಟ್ಟು ಹೋದವನೂ, ದಿನಾ ಮೇಕೆ ಹತ್ತಿಸೋಳೂ ಒಂದೇ ಟಿಕೆಟ್ ತೆಗೆದುಕೊಳ್ಳಬೇಕು ಅನ್ನೋದು ನೋಡೋಕೆ ಸಮಾನತೆ, ನ್ಯಾಯ ಅಲ್ಲ.

ಇನ್ನು ಅತ್ಯಂತ ಕಷ್ಟದ ಪ್ರಶ್ನೆ, ನಿವೇಶನದ್ದು. ತಲೆ ಮೇಲೆ ಸೂರಿಲ್ಲದ ಕುಟುಂಬ ಎದುರಿಗಿದ್ದಾಗ ಕ್ರಿಕೆಟ್ ಮೈದಾನ, ಮುದುಕರ ನಿದ್ದೆ ಅಂತ ಮಾತಾಡೋದು ಎಷ್ಟು ಸರಿ? ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳೋಕೆ ಆಗಲ್ಲ. ಮನೆ ಮತ್ತು ಮೈದಾನ ಎರಡನ್ನೇ ತಕ್ಕಡಿಗೆ ಹಾಕಿದರೆ ಮನೆಯ ತೂಕವೇ ಹೆಚ್ಚು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತಕ್ಕಡಿಯಲ್ಲಿ ಎರಡೇ ವಸ್ತು ಇವೆ ಅಂತ ಹೇಳಿದ್ದು ಯಾರು? ಊರಿನ ಗೋಮಾಳ ನಾಲ್ಕೈದು ಪಟ್ಟು ಇತ್ತು ಅಂದೆನಲ್ಲ, ಉಳಿದದ್ದು ಎಲ್ಲಿ ಹೋಯಿತು? ಒಂದಷ್ಟು ಭೂಮಿ ಇಲ್ಲದವರಿಗೆ ಮಂಜೂರಾಯಿತು, ಅದು ನ್ಯಾಯ. ಇನ್ನೊಂದಷ್ಟು, ಆಗಲೇ ಹತ್ತಾರು ಎಕರೆ ಇದ್ದವರ ಬೇಲಿ ವರ್ಷಕ್ಕೆ ಎರಡಡಿ ಸರಿದು ಸರಿದು ಒಳಗೆ ಹೋಯಿತು. ನೀಲಗಿರಿ, ಮಾವು ಎದ್ದು ನಿಂತಿವೆ. ಆ ಬೇಲಿಗೆ ಕೈ ಹಾಕೋ ಧೈರ್ಯ ಇಲ್ಲದೆ, ಉಳಿದ ನಾಲ್ಕೆಕರೆಗೆ ಸೂರಿಲ್ಲದವರನ್ನೂ ಆಡೋ ಮಕ್ಕಳನ್ನೂ ಎದುರುಬದುರು ನಿಲ್ಲಿಸಿದ್ದೇವೆ. ಸೂರಿಲ್ಲದವರ ಮಕ್ಕಳೇ ಅಲ್ಲಿ ಹೆಚ್ಚು ಆಡೋದು. ಒಂದೇ ಕೋಣೆಯ ಮನೆಯವನಿಗೆ ಬಯಲೇ ಪಡಸಾಲೆ.

ಈ ವಿಚಾರದಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪು ಓದಿಕೊಳ್ಳೋದು ಒಳ್ಳೆಯದು. 1991ರ ಮುದ್ದಪ್ಪ ಪ್ರಕರಣ ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯದ್ದು. ಪಾರ್ಕಿಗೆ ಅಂತ ಬಿಟ್ಟ ಜಾಗವನ್ನು ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿದರು, ಗೆದ್ದರು. ಆಸ್ಪತ್ರೆ ಒಳ್ಳೆಯದೇ, ಆದರೆ ಅದಕ್ಕೆ ಪಾರ್ಕೇ ಬಲಿ ಆಗಬೇಕಿಲ್ಲ. ಇನ್ನೊಂದು 2011ರ ಜಗಪಾಲ್ ಸಿಂಗ್ ಪ್ರಕರಣ, ಪಂಜಾಬಿನ ಹಳ್ಳಿಯ ಕೊಳದ ಜಾಗದ್ದು. ಹಳ್ಳಿಗಳ ಸಾಮುದಾಯಿಕ ನೆಲದ ಒತ್ತುವರಿ ತೆರವು ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿದ ಕೋರ್ಟು, ಸಕ್ರಮಕ್ಕೆ ಉಳಿಸಿದ ಕೆಲವೇ ವಿನಾಯಿತಿಗಳಲ್ಲಿ ಭೂಹೀನ ಕೂಲಿಗಳಿಗೆ, ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನು ಸೇರಿದೆ, ಶಾಲೆ, ದವಾಖಾನೆಯಂಥ ಬಳಕೆ ಸೇರಿದೆ. ಅಂದರೆ ನ್ಯಾಯಾಲಯವೂ ಹೇಳಿದ್ದು ಒಂದು ಸರದಿ: ಕೇಳೋದಾದರೆ ಮೊದಲು ಬಲಿತವನ ಬೇಲಿಯನ್ನು ಕೇಳಿ, ಬಡವನ ಗುಡಿಸಲನ್ನಲ್ಲ. ಆ ಸರದಿ ಮುಗಿದ ಮೇಲೂ ಜಾಗ ಸಾಲದಿದ್ದರೆ, ನಮ್ಮೂರ ನಾಲ್ಕೆಕರೆಯಲ್ಲಿ ಮನೆ ಏಳಲಿ. ಆಗ ನನ್ನ ತಕರಾರಿಲ್ಲ, ನನ್ನ ಬಾಲ್ಯದ ನೆನಪಿಗೂ ತಕರಾರು ಮಾಡೋ ಹಕ್ಕಿಲ್ಲ.

ಹಾಗಾದರೆ ನಾವೇನು ಮಾಡಬೇಕು? ದೊಡ್ಡ ಹೋರಾಟಕ್ಕೆ ಎಲ್ಲರಿಗೂ ಆಗಲ್ಲ, ಗೊತ್ತು. ಆದರೆ ಕಾಗದ ಓದೋದು, ಮ್ಯಾಪ್ ನೋಡೋದು ನಮಗೆ ಬರುತ್ತೆ. ಸರ್ಕಾರದ್ದೇ "ದಿಶಾಂಕ್" ಆ್ಯಪ್ ಇದೆ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಮುಂದಿನ ಸಲ ಊರಿಗೆ ಹೋದಾಗ ತೋಪು, ಗೋಮಾಳ, ಕೆರೆ, ಕುಂಟೆಗಳ ಸರ್ವೆ ನಂಬರ್ ಬರೆದುಕೊಂಡು ಪಹಣಿ ತೆಗೆಸಿ ನೋಡಿ. ಮೂಲ ವಿಸ್ತೀರ್ಣ ಎಷ್ಟು, ನೆಲದ ಮೇಲೆ ಉಳಿದದ್ದು ಎಷ್ಟು ಅನ್ನೋ ಒಂದು ಹಾಳೆಯನ್ನು ಗ್ರಾಮಸಭೆಯಲ್ಲಿ ಇಡಿ. ಜಿಮ್ಮಿಗೆ ದುಡ್ಡು ಕೊಡೋದಕ್ಕಿಂತ ಇದು ಕಷ್ಟದ ಕೆಲಸ. ಒಂದಿಬ್ಬರು ಸಂಬಂಧಿಕರು ಮಾತು ಬಿಡಬಹುದು. ಜೊತೆಗೆ ಒಂದು ದಿನ ಪೂರ್ತಿ ಅಲ್ಲಿ ಕೂತು, ಬೆಳಗಿನಿಂದ ರಾತ್ರಿವರೆಗೆ ಯಾರ್ಯಾರು ಬಂದರು ಅಂತ ಬರೆದಿಡಿ. ಸರ್ಕಾರದ ಟೇಬಲ್‌ನಲ್ಲಿ ಇಲ್ಲದ ಕಾಲಂ ಅದು. ಯಾರು ಬರಲಿಲ್ಲ ಅಂತಲೂ ಬರೆಯಿರಿ, ನಿಮ್ಮ ಅಕ್ಕ, ಅಮ್ಮ ಆ ಪಟ್ಟಿಯಲ್ಲೇ ಇರಬಹುದು.

ಆಮೇಲೆ ಅಲ್ಲಿ ಏನು ಬೇಕಾದರೂ ಬರಲಿ, ಮನೆಯೋ ಮೈದಾನವೋ ಪಾರ್ಕೋ ಊರು ಕೂತು ತೀರ್ಮಾನಿಸಲಿ. ಆದರೆ ಆ ತೀರ್ಮಾನದ ಮೊದಲ ಸಾಲು "ಜಾಗ ಖಾಲಿ ಇದೆ" ಅಂತ ಶುರುವಾಗಬಾರದು. "ಇಲ್ಲಿ ಇಂತಿಂಥವರು ಇದ್ದಾರೆ" ಅಂತ ಶುರುವಾಗಬೇಕು.